ಬೆರಳುಗಳ ಅಭ್ಯಾಸ: ಎಡಿಟರುಗಳನ್ನು ಬದಲಾಯಿಸಿದ ನಮ್ಮ ಅನುಭವ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೋಗುವ ಮಾರ್ಗದಲ್ಲಿ ಸುಮಾರು 14 ಕಿಲೋಮೀಟರು ಸಾಗಿದರೆ ಸಕ್ರೆಬೈಲು ಸಿಗುತ್ತದೆ. ಗಾಜನೂರಿನ ಅಣೆಕಟ್ಟಿನಿಂದ ನಿಂತ ತುಂಗೆಯ ಹಿನ್ನೀರು ಒಂದು ಕಡೆ, ಕಾಡು ಇನ್ನೊಂದು ಕಡೆ. ಅಲ್ಲಿಯೇ ಅರಣ್ಯ ಇಲಾಖೆಯ ಆನೆ ಬಿಡಾರ. ಬೆಳಗಿನ ಹೊತ್ತು ಆನೆಗಳು ನೀರಿಗಿಳಿದು ಮೀಯುವುದನ್ನು ನೋಡಲು ದೂರದ ಊರುಗಳಿಂದ ಜನರು ಬರುತ್ತಾರೆ. ನಾವು ಈ ಊರಿನವರೇ ಆದುದರಿಂದ ನಮ್ಮ ಗಮನವನ್ನು ಸೆಳೆದಿರುವುದು ಆನೆಯ ಸ್ನಾನವಲ್ಲ, ಅದರ ಕತ್ತಿನ ಮೇಲೆ ಕುಳಿತ ಮಾವುತನ ಕಾಲ್ಬೆರಳು. ಕಿವಿಯ ಹಿಂದೆ ಅವನು ಒತ್ತಿದ ಒತ್ತಿಗೆ ಆನೆ ತಿರುಗುತ್ತದೆ, ನಿಲ್ಲುತ್ತದೆ, ಕುಳಿತುಕೊಳ್ಳುತ್ತದೆ. ಅವನು ಯೋಚಿಸಿ ಒತ್ತುವುದಿಲ್ಲ; ಆನೆಯೂ ಯೋಚಿಸಿ ತಿರುಗುವುದಿಲ್ಲ. ಬಹುಕಾಲದ ಅಭ್ಯಾಸವು ಇಬ್ಬರ ನಡುವೆ ಒಂದು ಭಾಷೆಯಾಗಿ ನಿಂತಿದೆ. ಆದರೆ ಆ ಆನೆಯನ್ನು ಬೇರೊಬ್ಬ ಮಾವುತನ ವಶಕ್ಕೆ ಕೊಟ್ಟರೆ ಕೆಲವು ಕಾಲ ಇಬ್ಬರೂ ತೊಡಕಿಗೆ ಸಿಕ್ಕುತ್ತಾರೆ. ಒತ್ತು ಅದೇ ಆದರೂ ಅರ್ಥ ಬೇರೆ.

ಭೌತಶಾಸ್ತ್ರದ ಲೇಖನಕ್ಕೂ ಆನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಇಂತಹುದೇ ಒಂದು ತೊಡಕಿನಿಂದ ನಾವು ನಮ್ಮ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯ ಮಾಡಿದೆವು. ಅದು ಹೇಗಾಯಿತೆಂಬುದನ್ನೂ, ಅದರಿಂದ ಕಲಿತದ್ದನ್ನೂ ಇಲ್ಲಿ ಹೇಳುವುದು ಉಚಿತವೆಂದು ತೋರುತ್ತದೆ.

ಒಂದು ಲೋಲಕದ ಕಥೆ

ಸರಳ ಲೋಲಕದ ಪ್ರಯೋಗವನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ದಾರದ ಉದ್ದವನ್ನು ಅಳೆದು, 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ನೋಡಿ, ಅದರಿಂದ ಆವರ್ತಕಾಲವನ್ನು ಪಡೆದು, ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಪೈ ವರ್ಗದ ನಾಲ್ಕರಷ್ಟನ್ನು ಉದ್ದದಿಂದ ಗುಣಿಸಿ, ಆವರ್ತಕಾಲದ ವರ್ಗದಿಂದ ಭಾಗಿಸಿದರೆ ಉತ್ತರ ಬರುತ್ತದೆ. ನಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳು ತಮ್ಮ ಅಳತೆಗಳನ್ನು ಒಂದು ಕಡತದಲ್ಲಿ ಬರೆದಿಡುತ್ತಾರೆ. ಪೈಥಾನ್ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಕ್ರಮವಿಧಿಯು ಅದನ್ನು ಓದಿ ಉತ್ತರ ಕೊಡುತ್ತದೆ.

ಆ ವಿದ್ಯಾರ್ಥಿನಿಯ ಕಡತದಲ್ಲಿ ಮೂರು ಸಾಲುಗಳಿದ್ದವು. ಉದ್ದ 1.00 ಮೀಟರು, 0.81 ಮೀಟರು ಮತ್ತು 0.64 ಮೀಟರು. ಎರಡನೆಯ ಮತ್ತು ಮೂರನೆಯ ಸಾಲುಗಳಿಂದ ಬಂದ ಉತ್ತರ ಸೆಕೆಂಡಿನ ವರ್ಗಕ್ಕೆ 9.81 ಮೀಟರು. ಆದರೆ ಮೊದಲನೆಯ ಸಾಲಿನಿಂದ ಬಂದದ್ದು 9.35. ಮೂರರಲ್ಲಿ ಒಂದು ಮಾತ್ರ ಇಷ್ಟು ತಪ್ಪಿದರೆ ಅಳೆದವರ ಅಜಾಗರೂಕತೆಯೇ ಕಾರಣವೆಂದು ಭಾವಿಸುವುದು ಸಹಜ. ನಾವು ಹಾಗೆಯೇ ಭಾವಿಸಿ, ಆಂದೋಲನಗಳನ್ನು ಎಣಿಸುವಾಗ ಮನಸ್ಸು ಎಲ್ಲಿತ್ತೆಂದು ಎಲ್ಲರೆದುರಿಗೆ ಕೇಳಿ, ಅಂಕಗಳನ್ನೂ ಕಡಿಮೆ ಮಾಡಿದೆವು. ಆಕೆ ಎದುರಾಡಲಿಲ್ಲ. ಮಾರನೆಯ ದಿನ ಪ್ರಯೋಗ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು, "ಸರ್, ನಾನು 40.1 ಎಂದೇ ಬರೆದಿದ್ದೇನೆ" ಎಂದಳು. ಪುಸ್ತಕದಲ್ಲಿ ಶಾಯಿಯಲ್ಲಿ 40.1 ಸೆಕೆಂಡು ಎಂದಿತ್ತು. ಕಡತದಲ್ಲಿ 41.1 ಎಂದಿತ್ತು.

40.1 ಸೆಕೆಂಡನ್ನು 20ರಿಂದ ಭಾಗಿಸಿದರೆ ಆವರ್ತಕಾಲ 2.005 ಸೆಕೆಂಡು, ಉತ್ತರ 9.82. 41.1 ಆದರೆ ಆವರ್ತಕಾಲ 2.055, ಉತ್ತರ 9.35. ಹಾಗಾದರೆ ಸೊನ್ನೆಯು ಒಂದಾದುದು ಹೇಗೆ? ಕಡತವು ಕೊನೆಯ ಬಾರಿ ಬದಲಾದ ವೇಳೆಯನ್ನು ಗಣಕಯಂತ್ರವು ಗುರುತಿಟ್ಟಿರುತ್ತದೆ. ನೋಡಿದರೆ, ಅದು ಹಿಂದಿನ ವಾರ ನಾವೇ ಅದನ್ನು ತೆರೆದು ನೋಡಿದ ಸಂಜೆ! ಅಪರಾಧಿಯನ್ನು ಹುಡುಕುತ್ತ ಹೊರಟು ನಮ್ಮ ಬೆರಳುಗಳ ಬಳಿಗೇ ಬಂದು ನಿಂತೆವು.

ಎಡಿಟರ್ ಎಂದರೇನು?

ಮುಂದುವರಿಯುವ ಮೊದಲು ಎಡಿಟರ್ ಎಂದರೇನೆಂಬುದನ್ನು ತಿಳಿಯಬೇಕು. ಕನ್ನಡದಲ್ಲಿ ಇದಕ್ಕೆ 'ಪಠ್ಯ ಸಂಪಾದಕ' ಎಂದು ಹೇಳುವುದುಂಟು. ಪ್ರಯೋಗಶಾಲೆಯಲ್ಲಿ ಎಲ್ಲರ ಬಾಯಲ್ಲಿರುವುದು 'ಎಡಿಟರ್' ಎಂಬ ಮಾತೇ ಆದುದರಿಂದ ನಾವೂ ಅದನ್ನೇ ಇಟ್ಟುಕೊಳ್ಳುತ್ತೇವೆ.

ಗಣಕಯಂತ್ರವು ಅಕ್ಷರಗಳನ್ನು ಅರಿಯದು. ಅದು ಅರಿತಿರುವುದು ಸಂಖ್ಯೆಗಳನ್ನು ಮಾತ್ರ. ಕಡತವೆಂದರೆ ಸಂಖ್ಯೆಗಳ ಒಂದು ಉದ್ದನೆಯ ಸಾಲು. ಈ ಸಾಲನ್ನು ಅಕ್ಷರಗಳಾಗಿ ನಮ್ಮ ಕಣ್ಣಿಗೆ ತೋರಿಸಿ, ನಡುವೆ ಸೇರಿಸಲು, ತೆಗೆಯಲು, ಹುಡುಕಲು ಅನುಕೂಲ ಮಾಡಿಕೊಡುವ ಕ್ರಮವಿಧಿಯೇ ಎಡಿಟರ್. ಪತ್ರಗಳನ್ನು ಅಂದವಾಗಿ ಮುದ್ರಿಸುವ ಸಾಧನಗಳು ಅಕ್ಷರದ ದಪ್ಪ, ಬಣ್ಣ ಮೊದಲಾದುವನ್ನೂ ಕಡತದಲ್ಲಿ ಸೇರಿಸುತ್ತವೆ. ಕ್ರಮವಿಧಿ ಬರೆಯುವವರ ಎಡಿಟರಾದರೋ ಬರಿಯ ಅಕ್ಷರಗಳನ್ನಲ್ಲದೆ ಬೇರೇನನ್ನೂ ಇಡುವುದಿಲ್ಲ. ಆದಕಾರಣ ಒಂದು ಎಡಿಟರಿನಲ್ಲಿ ಬರೆದ ಕಡತವನ್ನು ಇನ್ನೊಂದರಲ್ಲಿ ತೆರೆಯುವುದಕ್ಕೆ ಅಡ್ಡಿಯಿಲ್ಲ. ಕಡತವು ಒಂದು, ಎಡಿಟರು ಇನ್ನೊಂದು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪಠ್ಯದ ನಡುವೆ ಒಂದು ಅಕ್ಷರವನ್ನು ಸೇರಿಸುವುದು ಸುಲಭವೆಂದು ತೋರಬಹುದು. ಆದರೆ ಹತ್ತು ಲಕ್ಷ ಅಕ್ಷರಗಳ ಸಾಲಿನ ಮೊದಲಲ್ಲಿ ಒಂದನ್ನು ಸೇರಿಸಬೇಕಾದರೆ, ಉಳಿದೆಲ್ಲವೂ ಒಂದೊಂದು ಸ್ಥಾನ ಸರಿಯಬೇಕು. ಈ ಕಷ್ಟವನ್ನು ಈಮ್ಯಾಕ್ಸ್ ಎಂಬ ಎಡಿಟರು ಪರಿಹರಿಸುವ ರೀತಿ ಚೆನ್ನಾಗಿದೆ: ಕರ್ಸರ್ ಇರುವ ಸ್ಥಳದಲ್ಲಿ ಒಂದು ಖಾಲಿ ಜಾಗವನ್ನು ಇಟ್ಟುಕೊಂಡು, ಹೊಸ ಅಕ್ಷರಗಳನ್ನು ಅದರೊಳಗೆ ತುಂಬುತ್ತ ಹೋಗುತ್ತದೆ. ಬಸ್ಸಿನಲ್ಲಿ ಬಾಗಿಲ ಬಳಿಯೇ ಕೆಲವು ಆಸನಗಳನ್ನು ಖಾಲಿ ಬಿಟ್ಟಂತೆ. ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಎಡಿಟರು 2018ರಿಂದ ಬೇರೊಂದು ಉಪಾಯವನ್ನು ಅನುಸರಿಸುತ್ತಿದೆ: ಮೂಲ ಪಠ್ಯವನ್ನು ಮುಟ್ಟುವುದೇ ಇಲ್ಲ, ಹೊಸದಾಗಿ ಬರೆದುದನ್ನೆಲ್ಲ ಬೇರೆ ಕಡೆ ಕೂಡಿಡುತ್ತದೆ, ಯಾವ ತುಂಡಿನ ಬಳಿಕ ಯಾವ ತುಂಡು ಬರಬೇಕೆಂಬ ಪಟ್ಟಿಯನ್ನು ಮಾತ್ರ ತಿದ್ದುತ್ತದೆ.

ಹಿಂದಿನ ಸಂಗತಿ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಎಂಬವರು 'ಎಡ್' ಎಂಬ ಎಡಿಟರನ್ನು ಬರೆದರು. ಆಗ ಅನೇಕರ ಮುಂದೆ ಇದ್ದುದು ಪರದೆಯಲ್ಲ, ಕಾಗದದ ಮೇಲೆ ಮುದ್ರಿಸುವ ಟೆಲಿಟೈಪ್ ಯಂತ್ರ. ಪ್ರತಿಯೊಂದು ಅಕ್ಷರವನ್ನು ಮುದ್ರಿಸುವುದಕ್ಕೂ ಕಾಲ ಹಿಡಿಯುತ್ತಿದ್ದುದರಿಂದ ಆಜ್ಞೆಗಳು ಒಂದೆರಡು ಅಕ್ಷರಗಳಷ್ಟೇ ಇರುತ್ತಿದ್ದವು.

ಪರದೆಯುಳ್ಳ ಯಂತ್ರಗಳು ಬಂದ ಮೇಲೆ, 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಎಂಬವರು 'ವಿಐ' ಎಂಬ ಎಡಿಟರನ್ನು ರಚಿಸಿದರು. ಅವರು ಬಳಸುತ್ತಿದ್ದ ಯಂತ್ರದಲ್ಲಿ ನಾಲ್ಕು ದಿಕ್ಕಿನ ಬಾಣಗಳನ್ನು ಎಚ್, ಜೆ, ಕೆ, ಎಲ್ ಎಂಬ ಅಕ್ಷರಗಳ ಕೀಲಿಗಳ ಮೇಲೆಯೇ ಕೆತ್ತಿದ್ದರು. ಆದುದರಿಂದ ಆ ನಾಲ್ಕು ಅಕ್ಷರಗಳೇ ಕರ್ಸರನ್ನು ನಡೆಸುವ ಆಜ್ಞೆಗಳಾದವು. ಆ ಯಂತ್ರ ಮೂಲೆಗೆ ಸೇರಿ ದಶಕಗಳಾದವು. ಆಜ್ಞೆಗಳು ಮಾತ್ರ ಇಂದಿಗೂ ಉಳಿದಿವೆ. ಅಳಿದ ಯಂತ್ರದ ಆಕಾರವು ಬದುಕಿರುವವರ ಬೆರಳುಗಳಲ್ಲಿ ಉಳಿಯುವುದೆಂದರೆ ಇದೇ. ವಿಐ ವಂಶದಲ್ಲಿ ಹುಟ್ಟಿದ 'ವಿಮ್' ಎಂಬುದನ್ನು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಪ್ರಕಟಿಸಿ, 2023ರಲ್ಲಿ ತೀರಿಕೊಳ್ಳುವವರೆಗೂ ಪೋಷಿಸಿದರು.

ವಿಐ ಎಡಿಟರಿನ ವಿಶೇಷವೆಂದರೆ ಅದಕ್ಕೆ ಎರಡು ಸ್ಥಿತಿಗಳುಂಟು. ಒಂದು ಸ್ಥಿತಿಯಲ್ಲಿ ಒತ್ತಿದ ಕೀಲಿಯು ಅಕ್ಷರವಾಗಿ ಬೀಳುತ್ತದೆ. ಇನ್ನೊಂದರಲ್ಲಿ ಅದೇ ಕೀಲಿಯು ಆಜ್ಞೆಯಾಗುತ್ತದೆ. ಇದು ಸರಿಯಲ್ಲವೆಂದು ವಾದಿಸಿದವರೂ ಇದ್ದರು. ಕ್ಸೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಲ್ಯಾರಿ ಟೆಸ್ಲರ್ ಅವರು ಒಂದು ಕೀಲಿಗೆ ಎಲ್ಲ ಕಾಲದಲ್ಲೂ ಒಂದೇ ಅರ್ಥವಿರಬೇಕೆಂದು ಜೀವನವಿಡೀ ಸಾಧಿಸಿದರು. 1970ರ ದಶಕದ ಮಧ್ಯದಲ್ಲಿ ಅವರೂ ಟಿಮ್ ಮಾಟ್ ಅವರೂ ರಚಿಸಿದ 'ಜಿಪ್ಸಿ' ಎಂಬ ಎಡಿಟರಿನಿಂದಲೇ ಇಂದು ನಾವೆಲ್ಲ ಬಳಸುವ ಕತ್ತರಿಸು, ನಕಲಿಸು, ಅಂಟಿಸು ಎಂಬ ಪದ್ಧತಿ ಬೆಳೆದು ಬಂದಿತು.

ಈಮ್ಯಾಕ್ಸ್ ಕೂಡ 1976ರಲ್ಲಿಯೇ ಎಂಐಟಿ ಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲಾದವರಿಂದ ಆರಂಭವಾಯಿತು. 1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ಸಾಧನದ ಕೀಲಿಗಳನ್ನು, 1987ರಲ್ಲಿ ಬಂದ ಟರ್ಬೊ ಸಿ ಅನುಸರಿಸಿತು. ಹೀಗೆ ನಾಲ್ಕು ಮನೆತನಗಳು ನಾಲ್ಕು ಬೇರೆ ಬೇರೆ ಕೀಲಿ ಭಾಷೆಗಳನ್ನು ಬೆಳೆಸಿಕೊಂಡು ಬಂದವು.

ನಮ್ಮ ವಲಸೆಗಳು

ನಾವು ಪದವಿ ತರಗತಿಯಲ್ಲಿದ್ದಾಗ ಕ್ರಮವಿಧಿ ಬರೆಯಲು ಕಲಿತದ್ದು ಟರ್ಬೊ ಸಿ ಎಂಬುದರ ನೀಲಿ ಪರದೆಯಲ್ಲಿ. ಅಷ್ಟು ಹೊತ್ತಿಗೆ ಅದು ಪ್ರಪಂಚದಲ್ಲಿ ಹಳತಾಗಿದ್ದರೂ ನಮ್ಮ ಕಾಲೇಜುಗಳಲ್ಲಿ ಅದರದ್ದೇ ಆಳ್ವಿಕೆ. ಅಲ್ಲಿ ಕಂಟ್ರೋಲ್ ಕೀಲಿಯೊಡನೆ ವೈ ಒತ್ತಿದರೆ ಒಂದು ಸಾಲು ಅಳಿಸಿಹೋಗುತ್ತಿತ್ತು. ಸ್ನಾತಕೋತ್ತರ ತರಗತಿಗೆ ಹೋದಾಗ ಫೋರ್ಟ್ರಾನ್ ಭಾಷೆಯ ಲೆಕ್ಕಗಳನ್ನು ದೂರದ ಕೊಠಡಿಯೊಂದರಲ್ಲಿದ್ದ ಯಂತ್ರಕ್ಕೆ ಕೊಡಬೇಕಾಗಿತ್ತು. ಅದರಲ್ಲಿದ್ದುದು ವಿಮ್ ಒಂದೇ. ಮೊದಲ ದಿನ ಅದರಿಂದ ಹೊರಗೆ ಬರುವ ದಾರಿ ತಿಳಿಯದೆ ಪರದೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆವು. ಒಂದು ತಿಂಗಳಾದ ಮೇಲೆ ಅದನ್ನು ಬಿಟ್ಟು ಬೇರೆಯದನ್ನು ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಬಳಿಕ ಒಬ್ಬ ಸ್ನೇಹಿತರ ಮಾತಿನಂತೆ ಈಮ್ಯಾಕ್ಸ್ ಹಿಡಿದೆವು. ಅದನ್ನು ನಮ್ಮ ಇಷ್ಟದಂತೆ ತಿದ್ದಿಕೊಳ್ಳುವುದರಲ್ಲಿ ಎಷ್ಟೋ ರಾತ್ರಿಗಳು ಕಳೆದುವು. ಉಪನ್ಯಾಸಕರಾದ ಮೇಲೆ, ವಿದ್ಯಾರ್ಥಿಗಳೆಲ್ಲ ವಿಷುಯಲ್ ಸ್ಟುಡಿಯೊ ಕೋಡ್ ಬಳಸುತ್ತಿದ್ದುದರಿಂದ ಅವರಿಗೆ ಕಲಿಸಲು ನಾವೂ ಅದಕ್ಕೆ ಬಂದೆವು. ಆದರೆ ಪ್ರಯೋಗಶಾಲೆಯ ಹಳೆಯ ಯಂತ್ರಗಳಲ್ಲಿ ಇನ್ನೂ ವಿಮ್ ತೆರೆಯುತ್ತೇವೆ.

ಈ ವಲಸೆಗಳಲ್ಲಿ ಒಂದೇ ಕೀಲಿಗೆ ಬಂದ ಅರ್ಥಗಳನ್ನು ನೋಡಿರಿ. ಕಂಟ್ರೋಲ್ ಮತ್ತು ವೈ: ಟರ್ಬೊದಲ್ಲಿ ಸಾಲನ್ನು ಅಳಿಸುತ್ತದೆ, ಈಮ್ಯಾಕ್ಸಿನಲ್ಲಿ ಅಂಟಿಸುತ್ತದೆ, ವಿಮ್‌ನಲ್ಲಿ ಪಠ್ಯವನ್ನು ಪರದೆಯ ಮೇಲೆ ಒಂದು ಸಾಲು ಸರಿಸುತ್ತದೆ, ವಿಷುಯಲ್ ಸ್ಟುಡಿಯೊ ಕೋಡಿನಲ್ಲಿ, ರದ್ದು ಮಾಡಿದುದನ್ನು ಮತ್ತೆ ತರುತ್ತದೆ. ಕಂಟ್ರೋಲ್ ಮತ್ತು ಎಸ್: ಈಗಿನ ಎಡಿಟರುಗಳಲ್ಲಿ ಕಡತವನ್ನು ಉಳಿಸುತ್ತದೆ, ಈಮ್ಯಾಕ್ಸಿನಲ್ಲಿ ಹುಡುಕಾಟವನ್ನು ಆರಂಭಿಸುತ್ತದೆ. ಕಂಟ್ರೋಲ್ ಮತ್ತು ಎ: ಈಮ್ಯಾಕ್ಸಿನಲ್ಲಿ ಸಾಲಿನ ಮೊದಲಿಗೆ ಒಯ್ಯುತ್ತದೆ, ವಿಷುಯಲ್ ಸ್ಟುಡಿಯೊ ಕೋಡಿನಲ್ಲಿ ಎಲ್ಲವನ್ನೂ ಆಯ್ಕೆ ಮಾಡುತ್ತದೆ, ವಿಮ್‌ನ ಆಜ್ಞಾಸ್ಥಿತಿಯಲ್ಲಿ ಕರ್ಸರಿನ ಕೆಳಗಿರುವ ಸಂಖ್ಯೆಗೆ ಒಂದನ್ನು ಕೂಡಿಸುತ್ತದೆ!

ಲೋಲಕದ ರಹಸ್ಯವು ಇಲ್ಲಿ ಬಯಲಾಯಿತು. ಆ ಸಂಜೆ ನಾವು ವಿದ್ಯಾರ್ಥಿನಿಯ ಕಡತವನ್ನು ವಿಮ್‌ನಲ್ಲಿ ತೆರೆದೆವು. ಕರ್ಸರು ಮೊದಲ ಸಾಲಿನ ಮೊದಲ ಸಂಖ್ಯೆಯ ಮೇಲೆ, ಎಂದರೆ 40.1 ಎಂಬುದರ ಮೇಲೆ, ನಿಂತಿತು. ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕೆಂದು ಬೆರಳು ಹೊಸ ಅಭ್ಯಾಸದಂತೆ ಕಂಟ್ರೋಲ್ ಮತ್ತು ಎ ಒತ್ತಿತು. 40 ಎಂಬುದು 41 ಆಯಿತು. ಏನೂ ಆಯ್ಕೆಯಾಗಲಿಲ್ಲವೆಂದು ಕಂಡಾಗ, ಇದು ವಿಮ್ ಅಲ್ಲವೆ ಎಂದು ನೆನಪಾಗಿ, ಅದೇ ಬೆರಳು ಹಳೆಯ ಅಭ್ಯಾಸದಂತೆ, ಉಳಿಸಿ ಹೊರಬರುವ ಆಜ್ಞೆಯನ್ನು ಕೊಟ್ಟಿತು. ಹೊಸ ಅಭ್ಯಾಸವು ಅಂಕಿಯನ್ನು ಕೆಡಿಸಿತು. ಹಳೆಯ ಅಭ್ಯಾಸವು ಕೆಟ್ಟುದನ್ನು ಭದ್ರಪಡಿಸಿತು. ಕಡತದ ಒಂದು ಪ್ರತಿಯ ಮೇಲೆ ಇದನ್ನೇ ಮಾಡಿ ನೋಡಿದಾಗ 41.1 ನಮ್ಮ ಕಣ್ಣೆದುರಿಗೇ ಮೂಡಿತು.

ಹೀಗೇಕೆ ಆಗುತ್ತದೆ?

ಹೊಸ ಕೆಲಸವನ್ನು ಕಲಿಯುವಾಗ ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತೇವೆ. ಪುನಃ ಪುನಃ ಮಾಡಿದಂತೆ ಯೋಚನೆ ಹಿಂದೆ ಸರಿದು ಚಲನೆ ತಾನಾಗಿ ನಡೆಯುತ್ತದೆ. ಅಭ್ಯಾಸದ ಸಂಖ್ಯೆಯು ಎರಡರಷ್ಟಾದಾಗಲೆಲ್ಲ ಕೆಲಸಕ್ಕೆ ಹಿಡಿಯುವ ಕಾಲವು ಸುಮಾರಾಗಿ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಮನಶ್ಶಾಸ್ತ್ರಜ್ಞರು ಕಂಡಿದ್ದಾರೆ. ಮೊದಲ ಹತ್ತು ಸಲದಿಂದ ಇಪ್ಪತ್ತಕ್ಕೆ ಹೋಗುವಾಗ ಆಗುವ ಸುಧಾರಣೆಗೂ, ಸಾವಿರದಿಂದ ಎರಡು ಸಾವಿರಕ್ಕೆ ಹೋಗುವಾಗ ಆಗುವ ಸುಧಾರಣೆಗೂ ಪ್ರಮಾಣ ಒಂದೇ. ಆದುದರಿಂದ ಮೊದಲು ವೇಗವಾಗಿ ಕಲಿಯುತ್ತೇವೆ, ಬಳಿಕ ನಿಧಾನವಾಗಿ.

ಎರಡು ಎಡಿಟರುಗಳು ಪೂರ್ತಿಯಾಗಿ ಬೇರೆಯಾಗಿದ್ದರೆ ತೊಂದರೆ ಕಡಿಮೆ. ವೀಣೆ ಬಲ್ಲವನು ಸೈಕಲ್ ಕಲಿತರೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಕೀಲಿಮಣೆ ಅದೇ, ಪರದೆ ಅದೇ, ಕೆಲಸವೂ ಅದೇ ಆಗಿ ಉತ್ತರ ಮಾತ್ರ ಬೇರೆಯಾದಾಗ ಹಳೆಯ ಅಭ್ಯಾಸವು ಹೊಸದರ ದಾರಿಗೆ ಅಡ್ಡ ಬರುತ್ತದೆ. ಹಳೆಯ ಅಭ್ಯಾಸವು ಅಳಿದುಹೋಗುವುದಿಲ್ಲ. ಮೇಲೆ ಹೊಸದು ಕುಳಿತಿರುತ್ತದೆ ಅಷ್ಟೆ. ದಣಿದಿರುವಾಗ, ಮನಸ್ಸು ಬೇರೆಡೆ ಇರುವಾಗ ಯಾವುದು ಹೊರಬರುವುದೆಂದು ಹೇಳಲಾಗದು. ಇದನ್ನು ಬೆರಳುಗಳ ಜಡತ್ವವೆಂದು ಕರೆಯಬಹುದು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು: ವಸ್ತುವಿನ ಜಡತ್ವವು ಅದರ ರಾಶಿಯಿಂದ ನಿಶ್ಚಿತವಾದುದು, ಬೆರಳಿನದಾದರೋ ಅಭ್ಯಾಸದಿಂದ ಬೆಳೆಯುತ್ತದೆ.

ಕಾಲದ ಲೆಕ್ಕ

"ವಿಮ್ ಕಲಿತರೆ ಬಹಳ ವೇಗವಾಗಿ ಬರೆಯಬಹುದಂತೆ, ನಿಜವೇ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಯು ಇಂತಹ ಮಾತನ್ನು ಅಳೆದು ನೋಡಬೇಕು. 1980ರಲ್ಲಿ ಕಾರ್ಡ್, ಮೊರಾನ್ ಮತ್ತು ನ್ಯೂವೆಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ಸುಲಭವಾದ ಲೆಕ್ಕವನ್ನು ಪ್ರಕಟಿಸಿದರು. ಸಾಧಾರಣ ನಿಪುಣನಾದವನು ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಒಯ್ಯಲು 0.4, ಮೌಸಿನಿಂದ ಗುರಿ ತೋರಿಸಲು 1.1, ಮುಂದೇನು ಮಾಡಬೇಕೆಂದು ಮನಸ್ಸಿನಲ್ಲಿ ಸಿದ್ಧಪಡಿಸಿಕೊಳ್ಳಲು 1.35 ಸೆಕೆಂಡು.

ಇಪ್ಪತ್ತು ಸಾಲು ಕೆಳಗಿರುವ ಒಂದು ಸಾಲನ್ನು ಅಳಿಸಬೇಕೆಂದು ಇಟ್ಟುಕೊಳ್ಳೋಣ. ಯಾವ ಸಾಲೆಂದು ನಿರ್ಧರಿಸುವ ಕಾಲ ಎರಡು ವಿಧಾನಗಳಿಗೂ ಸಮಾನವಾದುದರಿಂದ ಅದನ್ನು ಬಿಡೋಣ. ಮೌಸಿನ ವಿಧಾನದಲ್ಲಿ ಕೈ ಒಯ್ಯಲು 0.4, ಗುರಿಗೆ 1.1, ಒತ್ತಲು 0.2, ಕೈ ಹಿಂದಕ್ಕೆ ತರಲು 0.4, ಸಾಲನ್ನು ಅಳಿಸುವ ಮೂರು ಕೀಲಿಗಳಿಗೆ 0.6; ಒಟ್ಟು 2.7 ಸೆಕೆಂಡು. ವಿಮ್‌ನಲ್ಲಿ ಎರಡು, ಸೊನ್ನೆ, ಜೆ, ಡಿ, ಡಿ ಎಂದು ಐದು ಕೀಲಿಗಳು, 1.0 ಸೆಕೆಂಡು. ಆದರೆ ಇಪ್ಪತ್ತು ಎಂಬ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಲು ಇನ್ನೊಮ್ಮೆ ಮನಸ್ಸಿನ 1.35 ಸೆಕೆಂಡನ್ನು ಕೂಡಿಸಬೇಕು, ಒಟ್ಟು 2.35. ಉಳಿತಾಯ 0.35 ಸೆಕೆಂಡು.

ದಿನಕ್ಕೆ 200 ಸಲ ಹೀಗೆ ಮಾಡುವವರಿಗೆ ದಿನಕ್ಕೆ 70 ಸೆಕೆಂಡು ಉಳಿಯುತ್ತದೆ. ಹೊಸ ಎಡಿಟರನ್ನು ಕಲಿಯಲು 20 ಗಂಟೆ, ಎಂದರೆ 72,000 ಸೆಕೆಂಡು, ಹಿಡಿದರೆ, ಆ ಸಾಲವನ್ನು ತೀರಿಸಲು 1,028 ದಿನಗಳಿಗೂ ಮೇಲಾಗುತ್ತದೆ. ಸುಮಾರು ಮೂರು ವರ್ಷ! ಅಷ್ಟರಲ್ಲಿ ಇನ್ನೊಂದು ಎಡಿಟರಿಗೆ ಮನಸ್ಸು ಹಾರಿದರೆ ಸಾಲವು ತೀರುವುದೇ ಇಲ್ಲ. ನಮ್ಮ ಸ್ಥಿತಿ ಹೀಗೆಯೇ ಆಯಿತೆಂದು ಒಪ್ಪಿಕೊಳ್ಳಬೇಕು.

ಹಾಗಾದರೆ ಬದಲಾಯಿಸಲೇಬಾರದೆ? ಹಾಗಲ್ಲ. ವೇಗಕ್ಕಾಗಿ ಬದಲಾಯಿಸುವುದು ವ್ಯರ್ಥವೆಂದಷ್ಟೇ ಈ ಲೆಕ್ಕದ ಅರ್ಥ. ಬೇರೆ ಕಾರಣಗಳುಂಟು. ದೂರದ ಯಂತ್ರದಲ್ಲಿ ವಿಮ್ ಮಾತ್ರ ಇರಬಹುದು. ಹೊಸ ಎಡಿಟರು ಕ್ರಮವಿಧಿಯ ತಪ್ಪನ್ನು ಬರೆಯುವಾಗಲೇ ತೋರಿಸಬಹುದು. ಒಂದು ತಪ್ಪನ್ನು ಹುಡುಕಲು ಅರ್ಧ ದಿನ ಕಳೆಯುವ ವಿದ್ಯಾರ್ಥಿಗೆ ಅದು ದೊಡ್ಡ ಲಾಭ. ಎಡಿಟರೇ ಅಳಿದುಹೋಗಲೂಬಹುದು: ಬಹುಜನಪ್ರಿಯವಾಗಿದ್ದ 'ಆಟಮ್' ಎಂಬುದನ್ನು ಅದರ ಒಡೆಯರು 2022ರ ಡಿಸೆಂಬರಿನಲ್ಲಿ ನಿಲ್ಲಿಸಿಬಿಟ್ಟರು.

ಕನ್ನಡ ಬರೆಯುವವರ ವಿಶೇಷ ಕಷ್ಟ

ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸಂಖ್ಯೆಗಳನ್ನು ಮೀಸಲಿಟ್ಟಿದೆ. 'ಕ' ಎಂಬುದು 3221, ಒತ್ತಿಗೆ ಕಾರಣವಾಗುವ ವಿರಾಮ ಚಿಹ್ನೆಯು 3277, 'ರ' ಎಂಬುದು 3248, ಎತ್ವವು 3270. 'ಕ್ರೆ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಈ ನಾಲ್ಕು ಸಂಖ್ಯೆಗಳು. 'ಸಕ್ರೆಬೈಲು' ಎಂಬ ನಾಲ್ಕಕ್ಷರದ ಊರು ಯಂತ್ರಕ್ಕೆ ಒಂಬತ್ತು ಸಂಖ್ಯೆಗಳಾಗಿ ಕಾಣುತ್ತದೆ. ಕಡತದಲ್ಲಿ ಇವನ್ನು ಇಡುವ 'ಯುಟಿಎಫ್ 8' ಎಂಬ ಕ್ರಮದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳಾಗಿ ಒಟ್ಟು 27 ಬೈಟುಗಳು. ಈ ಕ್ರಮವನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಕೆನ್ ಥಾಮ್ಸನ್. 'ಎಡ್' ಬರೆದ ಥಾಮ್ಸನ್ ಅವರೇ ಇವರು.

ಕರ್ಸರು ಒಂದು ಹೆಜ್ಜೆ ಇಟ್ಟಾಗ ಒಂದು ಸಂಖ್ಯೆಯನ್ನು ದಾಟಬೇಕೆ, ಒಂದು ಅಕ್ಷರವನ್ನು ದಾಟಬೇಕೆ? ಎಲ್ಲ ಎಡಿಟರುಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಅಲ್ಲದೆ ವಿಮ್‌ನ ಆಜ್ಞಾಸ್ಥಿತಿಯಲ್ಲಿರುವಾಗ ಕೀಲಿಮಣೆಯು ಕನ್ನಡದಲ್ಲಿದ್ದರೆ, ಡಿ ಎಂಬ ಕೀಲಿಯಿಂದ 'ದ' ಹೊರಟು ಆಜ್ಞೆಯು ನಡೆಯುವುದಿಲ್ಲ. ಎಡಿಟರಿಗೆ ಎರಡು ಸ್ಥಿತಿ, ಭಾಷೆಗೆ ಎರಡು; ಕೂಡಿದರೆ ನಾಲ್ಕು. ತಪ್ಪುವ ಅವಕಾಶವೂ ಅದಕ್ಕೆ ತಕ್ಕಂತೆ ಹೆಚ್ಚು.

ಇದಕ್ಕಿಂತ ದೊಡ್ಡ ಕಷ್ಟವನ್ನು ನಾವು ಕಂಡದ್ದು ಹಳೆಯ ಟಿಪ್ಪಣಿಗಳಲ್ಲಿ. ವಿದ್ಯಾರ್ಥಿಯಾಗಿದ್ದಾಗ ಬೆರಳಚ್ಚು ಮಾಡಿಟ್ಟಿದ್ದ ವಿದ್ಯುಚ್ಛಾಸ್ತ್ರದ ಕನ್ನಡ ಟಿಪ್ಪಣಿಗಳನ್ನು ಹೊಸ ಎಡಿಟರಿನಲ್ಲಿ ತೆರೆದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಂಡುಬಂದುವು. ಕಾರಣವಿಷ್ಟೆ: ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕೂರಿಸುತ್ತಿದ್ದರು. ಆ ಅಕ್ಷರವಿನ್ಯಾಸವಿದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಪರಿವರ್ತಿಸುವ ಕ್ರಮವಿಧಿಗಳಿರುವುದರಿಂದ ಟಿಪ್ಪಣಿಗಳು ಬದುಕಿಕೊಂಡವು. ಆದರೂ ಅನೇಕ ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕಾಯಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಅದೇ ಬಂದಿತು. ಅದರಲ್ಲಿ ಕೆ, ಎಫ್, ಆರ್ ಒತ್ತಿದರೆ 'ಕ್ರ' ಮೂಡುತ್ತದೆ. ಹಳೆಯ ಅಕ್ಷರವಿನ್ಯಾಸವು ಹೋಗಿ ಯೂನಿಕೋಡ್ ಬಂದಾಗ ಕಡತದ ಒಳಗಿನ ಸಂಖ್ಯೆಗಳೆಲ್ಲ ಬದಲಾದುವು. ಒತ್ತುವ ಕೀಲಿಗಳು ಮಾತ್ರ ಬದಲಾಗಲಿಲ್ಲ. ಎಡಿಟರು ಬದಲಾದಾಗ ಕಡತ ಉಳಿದು ಬೆರಳು ಸೋಲುತ್ತದೆ. ಇಲ್ಲಿ ಕಡತ ಬದಲಾದರೂ ಬೆರಳು ಗೆದ್ದಿತು. ವಿನ್ಯಾಸವನ್ನು ಸ್ಥಿರವಾಗಿಟ್ಟರೆ ಒಂದು ನಾಡಿನ ಜನರ ಎಷ್ಟು ಶ್ರಮ ಉಳಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ವಿದ್ಯಾರ್ಥಿಗಳಿಗೆ ಕೆಲವು ಮಾತುಗಳು

ಮೊದಲನೆಯದಾಗಿ, ಒಂದು ಎಡಿಟರನ್ನು ಹಿಡಿದು ಚೆನ್ನಾಗಿ ಕಲಿಯಿರಿ. ಯಾವುದೆಂಬುದು ಮುಖ್ಯವಲ್ಲ. ಬದಲಾಯಿಸುವುದಾದರೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದು ನೋಡಿರಿ. ಬರೆಯಲಾಗದಿದ್ದರೆ ಬದಲಾಯಿಸಬೇಡಿರಿ.

ಎರಡನೆಯದಾಗಿ, ಬದಲಾಯಿಸುವ ವಾರದಲ್ಲಿ ಬೆಲೆಯುಳ್ಳ ಕಡತಗಳನ್ನು ಮುಟ್ಟಬೇಡಿರಿ. ಬೆಲೆಯಿಲ್ಲದ ಪಠ್ಯದ ಮೇಲೆ ಬೆರಳುಗಳು ತಪ್ಪಲಿ.

ಮೂರನೆಯದಾಗಿ, ಅಳತೆಗಳ ಮೂಲ ಕಡತವನ್ನು 'ಓದಲು ಮಾತ್ರ' ಎಂಬ ಸ್ಥಿತಿಯಲ್ಲಿಡಿರಿ. ಆಗ ಎಡಿಟರು ಸುಮ್ಮನೆ ಉಳಿಸದೆ ಎಚ್ಚರಿಸುತ್ತದೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅವರು ರಚಿಸಿದ 'ಗಿಟ್' ಎಂಬ ಸಾಧನವು ಯಾವ ಸಾಲು ಬದಲಾಯಿತೆಂಬುದನ್ನು ತೋರಿಸುತ್ತದೆ. ಅದನ್ನು ಕಲಿಯುವುದು ಯಾವ ಎಡಿಟರನ್ನು ಕಲಿಯುವುದಕ್ಕಿಂತಲೂ ಹೆಚ್ಚು ಫಲಕಾರಿ. ಇವೆಲ್ಲಕ್ಕೂ ಮೇಲಾಗಿ, ಶಾಯಿಯಲ್ಲಿ ಬರೆದ ಪ್ರಯೋಗ ಪುಸ್ತಕವನ್ನು ಬಿಡಬೇಡಿರಿ. ನಮ್ಮ ತಪ್ಪನ್ನು ಹಿಡಿದುಕೊಟ್ಟದ್ದು ಅದೇ.

ಆಸಕ್ತಿಯುಳ್ಳವರು ಒಂದು ಪ್ರಯೋಗವನ್ನು ಮಾಡಬಹುದು. ಐವತ್ತು ಸಾಲುಗಳ ಒಂದು ಪಠ್ಯದಲ್ಲಿ ಹತ್ತು ತಪ್ಪುಗಳನ್ನು ಗುರುತು ಮಾಡಿ, ಬಲ್ಲ ಎಡಿಟರಿನಲ್ಲಿ ಅವನ್ನು ತಿದ್ದಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆಯಿರಿ. ಬಳಿಕ ಹೊಸ ಎಡಿಟರಿನಲ್ಲಿ ಪ್ರತಿದಿನ ಅದೇ ಕೆಲಸವನ್ನು ಎರಡು ವಾರ ಮಾಡಿ, ಕಾಲವನ್ನೂ ತಪ್ಪಿ ಒತ್ತಿದ ಕೀಲಿಗಳ ಸಂಖ್ಯೆಯನ್ನೂ ಬರೆದಿಡಿರಿ. ದಿನದ ಸಂಖ್ಯೆ ಮತ್ತು ಕಾಲ ಇವೆರಡರ ಲಾಗರಿತಮ್‌ಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಒಂದು ಸರಳರೇಖೆಯ ಹತ್ತಿರ ಬೀಳುತ್ತವೆಯೇ ನೋಡಿರಿ. ಕೊನೆಯ ದಿನ ಹಳೆಯ ಎಡಿಟರಿಗೆ ಮರಳಿ ಒಮ್ಮೆ ಅಳೆಯುವುದನ್ನು ಮರೆಯಬೇಡಿರಿ. ಕುತೂಹಲಕರವಾದ ಫಲಿತಾಂಶವಿರುವುದು ಅಲ್ಲಿಯೇ.

ಆ ವಿದ್ಯಾರ್ಥಿನಿಯ ಅಂಕಗಳನ್ನು ಮರಳಿ ಕೊಟ್ಟೆವು. ಎಲ್ಲರೆದುರಿಗೆ ಆಡಿದ ಮಾತನ್ನು ಎಲ್ಲರೆದುರಿಗೇ ಹಿಂದಕ್ಕೆ ತೆಗೆದುಕೊಂಡು, 41.1 ಬಂದ ಬಗೆಯನ್ನು ತರಗತಿಗೆ ಮಾಡಿ ತೋರಿಸಿದೆವು. ಫಲಿತಾಂಶವು ತಪ್ಪಿದಾಗ ಅಳೆದವರನ್ನು ಸಂಶಯಿಸುವ ಮೊದಲು, ಅಳತೆಯು ಯಾರ ಯಾರ ಕೈಗಳನ್ನು ದಾಟಿ ಬಂದಿತೆಂದು ವಿಚಾರಿಸಬೇಕೆಂಬ ಪಾಠವನ್ನು ಅಂದು ನಾವು ಕಲಿತೆವು. ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಬಿಡಾರದ ಕಡೆಯಿಂದ ಆನೆಯೊಂದು ನೀರಿಗೆ ಇಳಿಯುತ್ತಿತ್ತು. ಮಾವುತನು ಕಾಲ್ಬೆರಳನ್ನು ಒತ್ತುವ ಮೊದಲು ಬಾಗಿ ಅದರ ಕಿವಿಯ ಬಳಿ ಏನೋ ಹೇಳುತ್ತಿದ್ದ. ಅಭ್ಯಾಸವು ಎಷ್ಟೇ ಗಟ್ಟಿಯಾದುದಾದರೂ, ಒತ್ತುವ ಮೊದಲು ತಾನು ಯಾವ ಆನೆಯ ಮೇಲೆ ಕುಳಿತಿದ್ದೇನೆಂದು ತಿಳಿದಿರುವುದು ಒಳ್ಳೆಯದು.